ದೀಪದ ಹುಳುವಿಗೊಂದು ಹೆಸರು

ಏಪ್ರಿಲ್ ತಿಂಗಳ ಕೊನೆಯ ವಾರ. ಹಗಲೆಲ್ಲ ಕಾದ ಕಾವಲಿಯಂತಿದ್ದ ವಿಜಯನಗರದ ಬೀದಿಗಳ ಮೇಲೆ ಸಂಜೆಗೆ ಒಂದು ದೊಡ್ಡ ಮಳೆ ಸುರಿದು ನಿಂತಿದೆ. ಮನೆಯ ನಡುಕೋಣೆಯಲ್ಲಿ ದೀಪ ಹೊತ್ತಿಸಿ ಊಟಕ್ಕೆ ತಟ್ಟೆಗಳನ್ನು ಇಟ್ಟಿದ್ದಾರೆ. ಅಷ್ಟರಲ್ಲಿ ಕಿಟಕಿಯಿಂದ ‘ರೊಯ್’ ಎಂದು ಹಾರಿಬಂದ ಹುಳುವೊಂದು ದೀಪಕ್ಕೆ ಡಿಕ್ಕಿ ಹೊಡೆದು, ಗೋಡೆಗೆ ಬಡಿದು, ಸಾರಿನ ಪಾತ್ರೆಯ ಪಕ್ಕದಲ್ಲಿ ಅಂಗಾತ ಬೀಳುತ್ತದೆ.

“ದೀಪ ಆರಿಸೋ ಮಗು, ಅನ್ನಕ್ಕೆ ಬಿದ್ದೀತು” ಎನ್ನುತ್ತಾರೆ ಅಜ್ಜಿ.

“ಅದು ಯಾವ ಹುಳು ಅಜ್ಜಿ?”

“ಮಳೆಹುಳು ಕಣೋ. ಮೊದಲ ಮಳೆಗೆ ಬರೋದು. ಮುಟ್ಟಬೇಡ.”

ಅಜ್ಜಿಯ ಉತ್ತರದಲ್ಲಿ ತಪ್ಪೇನೂ ಇಲ್ಲ. ನೆಲದೊಳಗೆ ಕಾದಿದ್ದು ಮೊದಲ ಮಳೆಗೆ ಮೇಲೇಳುವ ಜೀವಿಗೆ ಮಳೆಹುಳು ಎನ್ನುವುದಕ್ಕಿಂತ ಒಪ್ಪುವ ಹೆಸರು ಬೇರೆ ಸಿಗಲಾರದು. ಆದರೆ ಗೆದ್ದಲಿನ ರೆಕ್ಕೆಹುಳುವೂ ಅಜ್ಜಿಗೆ ಮಳೆಹುಳುವೇ, ಈ ದುಂಬಿಯೂ ಮಳೆಹುಳುವೇ. ಅದೇ ರಾತ್ರಿ ರಾಜಾಜಿನಗರದಿಂದ ಕೆಂಗೇರಿಯವರೆಗೆ ದೀಪಗಳ ಸುತ್ತ ಗಿರಕಿ ಹೊಡೆಯುವ ದುಂಬಿಗಳನ್ನಷ್ಟೇ ಹಿಡಿದು ಒಂದು ಬಟ್ಟಲಿಗೆ ಹಾಕಿದರೂ, ಒಂದೇ ಹೆಸರಿನ ಕೆಳಗೆ ಹಲವು ಬೇರೆ ಬೇರೆ ಜೀವಿಗಳು ಅಡಗಿರುವುದು ಕಾಣುತ್ತದೆ. ಅವುಗಳಲ್ಲಿ ಅತ್ಯಂತ ಸಾಮಾನ್ಯವಾಗಿದ್ದೂ ಅತ್ಯಂತ ಅಪರಿಚಿತವಾಗಿ ಉಳಿದಿರುವುದು ಒಂದು ಸಣ್ಣ ಕಂದು ದುಂಬಿ. ಕಾಫಿ ಬೀಜದಷ್ಟು ಗಾತ್ರ, ಹುರಿದ ಕಾಫಿ ಬೀಜದ್ದೇ ಬಣ್ಣ. ದೀಪದ ಬೆಳಕಿಗೆ ಓರೆಯಾಗಿ ಹಿಡಿದರೆ ಮೈಮೇಲೆ ಮಂದವಾದ ರೇಷ್ಮೆಯ ಹೊಳಪು. ಈ ಹೊಳಪಿನಿಂದಲೇ ವಿಜ್ಞಾನಿಗಳು ಇದರ ಪಂಗಡಕ್ಕೆ ರೇಷ್ಮೆಯ ಹೆಸರನ್ನಿಟ್ಟು ‘ಸೆರಿಸಿನಿ’ ಎಂದು ಕರೆದರು. ಆ ಪಂಗಡದ ದೊಡ್ಡ ಜಾತಿಗಳಲ್ಲಿ ಒಂದು ‘ಮ್ಯಾಲಡೆರ’. 1871ರಲ್ಲಿ ಮ್ಯುಲ್ಸಾಂ ಮತ್ತು ರೇ ಎಂಬ ಫ್ರೆಂಚ್ ವಿದ್ವಾಂಸರಿಬ್ಬರು ಇಟ್ಟ ಹೆಸರು ಇದು. (ಇಲ್ಲಿ ಜಾತಿ ಎಂದರೆ ಹತ್ತಿರದ ಸಂಬಂಧವುಳ್ಳ ಪ್ರಭೇದಗಳ ಗುಂಪು ಎಂದಷ್ಟೇ ಅರ್ಥ. ನಮ್ಮ ಸಮಾಜದ ಜಾತಿಗಳಂತೆ ಇಲ್ಲಿ ಮೇಲುಕೀಳೆಂಬುದಿಲ್ಲ; ಜಗಳ ಮಾತ್ರ ಇಲ್ಲಿಯೂ ಉಂಟು.)

ಬೀಸಣಿಗೆಯ ಮೀಸೆ

ಈ ದುಂಬಿಯ ಕುಟುಂಬ ಬಹು ದೊಡ್ಡದು. ಪ್ರಪಂಚದಲ್ಲಿ ಇದುವರೆಗೆ ಹೆಸರು ಪಡೆದಿರುವ ಇದರ ಬಂಧುಗಳ ಸಂಖ್ಯೆ ಸುಮಾರು 30,000. ಸಗಣಿಯನ್ನು ಉಂಡೆ ಮಾಡಿ ಹಿಂಗಾಲಿನಿಂದ ಉರುಳಿಸಿಕೊಂಡು ಹೋಗುವ ಸಗಣಿಹುಳು ಇದರ ಅಣ್ಣತಮ್ಮ. ಪ್ರಾಚೀನ ಈಜಿಪ್ಟಿನ ಜನ ಅದರಲ್ಲಿ ಉದಯಸೂರ್ಯನನ್ನೇ ಕಂಡು ಪೂಜಿಸಿದರು. ತೆಂಗಿನ ಸುಳಿಯನ್ನು ಕೊರೆದು ರೈತನ ಹೊಟ್ಟೆ ಉರಿಸುವ, ತಲೆಯ ಮೇಲೆ ಕೊಂಬುಳ್ಳ ಕುರುವಾಯಿ ಹುಳುವೂ ಈ ಮನೆತನದ್ದೇ. ಹೂವಿನ ಮೇಲೆ ಹಗಲು ಹೊತ್ತಿನಲ್ಲಿ ಕುಳಿತಿರುವ ಹೂದುಂಬಿಗಳೂ ಇದರ ನೆಂಟರು.

ಆದರೆ ಮೈಸೂರು ಸೀಮೆಯ ಮಕ್ಕಳು ತಲೆಮಾರುಗಳಿಂದ ಬೆಂಕಿಪೆಟ್ಟಿಗೆಯಲ್ಲಿ ಜಾಲಿಯ ಸೊಪ್ಪು ಹಾಕಿ ಸಾಕಿದ, ಹಸಿರು ಮಿಂಚಿನ ಜೀರ್ಜಿಂಬೆ ಈ ಕುಟುಂಬಕ್ಕೆ ಸೇರಿದುದಲ್ಲ. ಅದು ಬೇರೆಯೇ ಮನೆತನ. ಎರಡೂ ಗಟ್ಟಿ ರೆಕ್ಕೆಯ ದುಂಬಿಗಳೇ ಆಗಿರುವಾಗ ಇದನ್ನು ಹೇಳುವುದು ಹೇಗೆ? ಗುಟ್ಟು ಕುಡಿಮೀಸೆಯಲ್ಲಿದೆ. ಜೀರ್ಜಿಂಬೆಯ ಕುಡಿಮೀಸೆ ಗರಗಸದ ಅಲಗಿನಂತಿದ್ದರೆ, ನಮ್ಮ ಮಳೆಹುಳುವಿನ ಕುಡಿಮೀಸೆಯ ತುದಿಯಲ್ಲಿ ಪುಟ್ಟ ಪುಟ್ಟ ಹಲಗೆಗಳು ಒಂದರ ಮೇಲೊಂದು ಕೂಡಿಕೊಂಡಿರುತ್ತವೆ. ಹುಳು ಹಾರಲು ಹವಣಿಸುವಾಗ ಅವು ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತವೆ. ಗಂಡಿಗೆ ಹೆಣ್ಣಿನ ವಾಸನೆ ತಿಳಿಯುವುದೂ, ಹೆಣ್ಣಿಗೆ ಸೊಪ್ಪಿನ ವಾಸನೆ ತಿಳಿಯುವುದೂ ಈ ಬೀಸಣಿಗೆಯಿಂದಲೇ. ಮನೆಯಲ್ಲಿ ಭೂತಗನ್ನಡಿಯೊಂದಿದ್ದರೆ ಯಾರು ಬೇಕಾದರೂ ಇದನ್ನು ನೋಡಬಹುದು.

ಕುಟುಂಬದವರೆಗೆ ಬರುವುದು ಹೀಗೆ ಸುಲಭ. ಮುಂದಿನ ದಾರಿಯೇ ಕಷ್ಟದ್ದು.

ಬರೆಯದೆ ಉಳಿದ ಸಂಪುಟ

ಭಾರತದ ದುಂಬಿಗಳಿಗೆ ಹೆಸರು ಹೇಳುವ ಪುಸ್ತಕವೇ ಇಲ್ಲವೇ ಎಂದು ಯಾರಾದರೂ ಕೇಳಬಹುದು. ಉಂಟು, ಅದಕ್ಕೊಂದು ಕಥೆಯೂ ಉಂಟು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಗಿಲ್ಬರ್ಟ್ ಜಾನ್ ಏರೋ ಎಂಬ ವಿದ್ವಾಂಸರಿದ್ದರು. ಜನನ 1873ರಲ್ಲಿ. ಬ್ರಿಟಿಷ್ ಇಂಡಿಯಾದ ಪ್ರಾಣಿಸಂಪತ್ತನ್ನು ಕುರಿತ ಹೆಸರಾಂತ ಗ್ರಂಥಮಾಲೆಯಲ್ಲಿ ಈ ಕುಟುಂಬದ ಭಾರವನ್ನು ಹೊತ್ತವರು ಅವರೇ. 1910ರಲ್ಲಿ ಹೂದುಂಬಿಗಳು ಮತ್ತು ಕೊಂಬಿನ ದುಂಬಿಗಳ ಸಂಪುಟ ಹೊರಬಂದಿತು. 1917ರಲ್ಲಿ ಎಲೆ ತಿನ್ನುವ ಮಿರುಗುದುಂಬಿಗಳದು. 1931ರಲ್ಲಿ ಸಗಣಿಹುಳುಗಳದು. ನಾಲ್ಕನೆಯ ಸಂಪುಟ ಅಚ್ಚಾಗಿ ಹೊರಬಂದುದು ತಡವಾಗಿ. ಅಷ್ಟರಲ್ಲಿ ಲೇಖಕರು ತೀರಿಕೊಂಡಿದ್ದರು.

ಈ ನಾಲ್ಕು ಸಂಪುಟಗಳಲ್ಲಿಯೂ ಇಲ್ಲದೆ ಹೋದುದು ಯಾವುದು? ನಮ್ಮ ಮಳೆಹುಳುಗಳೇ! ‘ಮೆಲೊಲಾಂಥಿನೆ’ ಎಂಬ ಉಪಕುಟುಂಬ, ಅಂದರೆ ಮೊದಲ ಮಳೆಗೆ ಎದ್ದು ಬಂದು ರಾತ್ರಿಯಲ್ಲಿ ಸೊಪ್ಪು ತಿನ್ನುವ, ಮರಿಹುಳುವಾಗಿದ್ದಾಗ ನೆಲದೊಳಗೆ ಬೇರು ತಿನ್ನುವ ಇಡೀ ಬಳಗ, ಆ ಗ್ರಂಥಮಾಲೆಗೆ ಸೇರದೆಯೇ ಹೋಯಿತು. ರೈತನ ಪಾಲಿಗೆ ಕುಟುಂಬದಲ್ಲೆಲ್ಲ ಅತ್ಯಂತ ಮುಖ್ಯವಾದ ಶಾಖೆಗೇ ಕೈಪಿಡಿಯಿಲ್ಲ! ಇದನ್ನು ದುರದೃಷ್ಟವೆನ್ನದೆ ಬೇರೇನೆನ್ನಬೇಕು?

ಹಾಗೆಂದು ಆ ಹುಳುಗಳನ್ನು ಯಾರೂ ವರ್ಣಿಸಿರಲಿಲ್ಲವೆಂದಲ್ಲ. ಜರ್ಮನಿಯ ಅರ್ನ್ಸ್ಟ್ ಬ್ರೆನ್ಸ್ಕೆ ಎಂಬಾತ 19ನೆಯ ಶತಮಾನದ ಕೊನೆಯಲ್ಲಿ ರೇಷ್ಮೆದುಂಬಿಗಳ ಬೆನ್ನುಹತ್ತಿ, ಪ್ರಪಂಚದ ‘ಸೆರಿಕ’ಗಳನ್ನೆಲ್ಲ ಕುರಿತು 1897ರಿಂದ 1902ರವರೆಗೆ ಭಾಗಭಾಗವಾಗಿ ಬರೆದು ಪ್ರಕಟಿಸಿದನು. ಭಾರತದ ಎಷ್ಟೋ ಹುಳುಗಳಿಗೆ ಹೆಸರಿಟ್ಟವನು ಅವನೇ. ಆದರೆ ಬರೆಹ ಜರ್ಮನ್ ಭಾಷೆಯಲ್ಲಿ. ಹೆಸರಿಡಲು ಆಧಾರವಾದ ಮೂಲ ಮಾದರಿಗಳು ಬರ್ಲಿನ್ನಿನಲ್ಲಿ, ಯೂರೋಪಿನ ಇತರ ವಸ್ತುಸಂಗ್ರಹಾಲಯಗಳಲ್ಲಿ. ಹೆಬ್ಬಾಳದಲ್ಲಿ ಕುಳಿತ ಕೀಟಶಾಸ್ತ್ರಜ್ಞನೊಬ್ಬ ತನ್ನ ಕೈಯಲ್ಲಿರುವ ಹುಳು ಬ್ರೆನ್ಸ್ಕೆ ವರ್ಣಿಸಿದ ಹುಳುವೇ ಹೌದೋ ಅಲ್ಲವೋ ಎಂದು ನಿಶ್ಚಯಿಸಬೇಕಾದರೆ ಸಮುದ್ರ ದಾಟಬೇಕಾಗಿತ್ತು. ಇಲ್ಲವೆ ಹುಳುವನ್ನೇ ಅಂಚೆಯಲ್ಲಿ ದಾಟಿಸಬೇಕಾಗಿತ್ತು.

ಸೂಜಿಯ ಮೊನೆಯ ಮೇಲೆ

ಜಾತಿಯನ್ನು ಗುರುತಿಸುವ ಕೆಲಸ ಹೇಗೆ ನಡೆಯುತ್ತದೆಂಬುದನ್ನು ತಿಳಿದರೆ ಅದರ ಕಷ್ಟ ಅರ್ಥವಾಗುತ್ತದೆ. ಸತ್ತ ದುಂಬಿಯನ್ನು ಬಿಸಿನೀರಿನ ಹಬೆಯಲ್ಲಿ ಮೆತ್ತಗೆ ಮಾಡಿ, ಬಲಗಡೆಯ ಗಟ್ಟಿರೆಕ್ಕೆಯ ಮೂಲಕ ಸೂಜಿ ಚುಚ್ಚಿ ನಿಲ್ಲಿಸುತ್ತಾರೆ. ಎಡಗಡೆಗೆ ಚುಚ್ಚುವುದಿಲ್ಲ, ನಡುವೆಯೂ ಚುಚ್ಚುವುದಿಲ್ಲ. ಲೋಕದ ಎಲ್ಲ ಸಂಗ್ರಹಾಲಯಗಳಲ್ಲಿಯೂ ಇದೇ ಪದ್ಧತಿ. ಒಂದು ಪಕ್ಕವಾದರೂ ಊನವಿಲ್ಲದೆ ಉಳಿಯಲೆಂದು. ಆ ಬಳಿಕ ಸೂಕ್ಷ್ಮದರ್ಶಕದ ಕೆಳಗೆ ಎಣಿಕೆ ಪ್ರಾರಂಭ. ಕುಡಿಮೀಸೆಯಲ್ಲಿ ಗೆಣ್ಣುಗಳೆಷ್ಟು? ಒಂಬತ್ತೋ ಹತ್ತೋ? ತುದಿಯ ಬೀಸಣಿಗೆಯಲ್ಲಿ ಹಲಗೆಗಳು ಮೂರೋ ನಾಲ್ಕೋ? ಹಿಂಗಾಲಿನ ಮೊಳಕಾಲು ಅಗಲವಾಗಿ ಚಪ್ಪಟೆಯಾಗಿದೆಯೋ, ತೆಳ್ಳಗೆ ಉದ್ದವಾಗಿದೆಯೋ? ಉಗುರುಗಳು ಸೀಳಿವೆಯೋ ಇಲ್ಲವೋ?

ಬೀಸಣಿಗೆಯಲ್ಲಿ ಮೂರೇ ಹಲಗೆಗಳಿದ್ದು ಹಿಂಗಾಲು ಅಗಲವಾಗಿದ್ದರೆ ಅದು ಮ್ಯಾಲಡೆರ ಇದ್ದೀತೆಂದು ಊಹಿಸಬಹುದು. ಗಂಡಿನ ಬೀಸಣಿಗೆಯಲ್ಲಿ ನಾಲ್ಕು ಹಲಗೆಗಳಿದ್ದರೆ ‘ನಿಯೊಸೆರಿಕ’ ಎಂಬ ಇನ್ನೊಂದು ಜಾತಿಯ ನೆನಪಾಗುತ್ತದೆ. ಆದರೆ ಈ ನಿಯೊಸೆರಿಕ ಎಂಬುದು ಬಹುಕಾಲ ಒಂದು ಚಿಲ್ಲರೆ ಡಬ್ಬಿಯಾಗಿ ಉಳಿದಿತ್ತು. ಎಲ್ಲಿಯೂ ಸೇರದ ಹುಳುಗಳನ್ನೆಲ್ಲ ತಂದು ಅದರೊಳಗೆ ಹಾಕಿದರು. ಒಂದಕ್ಕೊಂದು ನಿಜವಾದ ಬಂಧುತ್ವವಿಲ್ಲದ ಪ್ರಭೇದಗಳು ಒಂದೇ ಹೆಸರಿನ ಕೆಳಗೆ ಕೂಡಿ ಬಾಳಿದವು.

ಜಾತಿಯಿಂದ ಪ್ರಭೇದಕ್ಕೆ ಇಳಿದಾಗ ಹೊರಗಿನ ಲಕ್ಷಣಗಳು ಪೂರ್ತಿಯಾಗಿ ಕೈಬಿಡುತ್ತವೆ. ಹತ್ತು ದುಂಬಿಗಳನ್ನು ಸಾಲಾಗಿ ಇಟ್ಟರೆ ಹತ್ತೂ ಒಂದೇ ಅಚ್ಚಿನವು. ಆಗ ವಿಜ್ಞಾನಿ ಗಂಡುಹುಳುವಿನ ಹೊಟ್ಟೆಯೊಳಗಿಂದ ಜನನಾಂಗದ ಗಟ್ಟಿಯಾದ ಭಾಗವನ್ನು ಸೂಕ್ಷ್ಮವಾದ ಚಿಮುಟದಿಂದ ಹೊರತೆಗೆದು, ಕ್ಷಾರದಲ್ಲಿ ನೆನೆಸಿ ಶುಚಿಮಾಡಿ, ಅದರ ಆಕಾರವನ್ನು ಚಿತ್ರಿಸುತ್ತಾನೆ. ಹೊರಗೆ ಅವಳಿಗಳಂತೆ ಕಾಣುವ ಎರಡು ಪ್ರಭೇದಗಳಲ್ಲಿ ಈ ಅಂಗ ಬೀಗದ ಕೈಗಳಂತೆ ಬೇರೆ ಬೇರೆ ಬಾಗು, ಬೇರೆ ಬೇರೆ ಹಲ್ಲು ಉಳ್ಳದ್ದಾಗಿರುತ್ತದೆ. ರೇಷ್ಮೆದುಂಬಿಗಳಲ್ಲಿ ಎಷ್ಟೋ ವೇಳೆ ಎಡಭಾಗ ಒಂದು ತೆರ, ಬಲಭಾಗ ಇನ್ನೊಂದು ತೆರ. ಎಳ್ಳುಕಾಳಿನಷ್ಟಿರುವ ಈ ತುಣುಕನ್ನು ಸಣ್ಣ ರಟ್ಟಿನ ಮೇಲೆ ಅಂಟಿಸಿ, ಆ ಹುಳುವಿನ ಸೂಜಿಗೇ ಕೆಳಗಡೆ ಪೋಣಿಸುತ್ತಾರೆ. ಅದು ಕಳೆದುಹೋದರೆ ಹುಳುವಿನ ಗುರುತೇ ಕಳೆದಂತೆ. ಹೆಣ್ಣುಹುಳು ಮಾತ್ರ ಸಿಕ್ಕಿದ್ದರಂತೂ ಪಂಡಿತರೂ ಕೈಕಟ್ಟಿ ಕೂರಬೇಕಾಗುತ್ತದೆ.

ನೂರು ವರ್ಷದ ತಪ್ಪು

ಇಷ್ಟೊಂದು ಪರಿಶ್ರಮ ಒಂದು ಹೆಸರಿಗಾಗಿಯೆ? ಹೆಸರು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಮ್ಯಾಲಡೆರ ಜಾತಿಯೇ ಎರಡು ನಿದರ್ಶನಗಳನ್ನು ಒದಗಿಸಿದೆ.

1980ರ ದಶಕದಲ್ಲಿ ಇಸ್ರೇಲ್ ದೇಶದ ಹುಲ್ಲುಹಾಸುಗಳಲ್ಲಿ, ಕಡಲೆಕಾಯಿ ಮತ್ತು ಗೆಣಸಿನ ಹೊಲಗಳಲ್ಲಿ ಒಂದು ಕಂದು ದುಂಬಿಯ ಹಾವಳಿ ತೊಡಗಿತು. ಅದುವರೆಗೆ ಅಲ್ಲಿ ಕಾಣದಿದ್ದ ಹುಳು. ಎಲ್ಲಿಂದ ಬಂದಿತೆಂದು ತಿಳಿಯದು. 1986ರಲ್ಲಿ ಅದನ್ನು ಹೊಸ ಪ್ರಭೇದವೆಂದು ಬಗೆದು ‘ಮ್ಯಾಲಡೆರ ಮ್ಯಾಟ್ರಿಡ’ ಎಂದು ಹೆಸರಿಟ್ಟರು. ಹೊಸ ಹುಳುವೆಂದ ಮೇಲೆ ಅದರ ತವರೂರು ಯಾವುದು, ಅಲ್ಲಿ ಅದನ್ನು ಹದ್ದಿನಲ್ಲಿಟ್ಟಿರುವ ಶತ್ರುಗಳು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಹುಡುಕುವುದಾದರೂ ಎಲ್ಲಿ? ಮುಂದೆ ಮೂಲ ಮಾದರಿಗಳೊಡನೆ ಹೋಲಿಸಿ ನೋಡಿದಾಗ, ಅದು ಬ್ರೆನ್ಸ್ಕೆ 1894ರಲ್ಲಿಯೇ ಹೆಸರಿಟ್ಟಿದ್ದ ಭಾರತದ ಹುಳುವೆಂದು ತಿಳಿದುಬಂದಿತು. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬುದು ಪ್ರಾಣಿಶಾಸ್ತ್ರದ ಕಟ್ಟಳೆ. ‘ಮ್ಯಾಟ್ರಿಡ’ ಬಿದ್ದುಹೋಗಿ ‘ಇನ್‌ಸನಾಬಿಲಿಸ್’ ನಿಂತಿತು. ಲ್ಯಾಟಿನ್ ಭಾಷೆಯಲ್ಲಿ ಆ ಮಾತಿಗೆ ‘ಗುಣವಾಗದ್ದು’ ಎಂದರ್ಥ. ಬ್ರೆನ್ಸ್ಕೆಯ ಮನಸ್ಸಿನಲ್ಲಿ ಏನಿತ್ತೋ, ರೈತರ ಪಾಲಿಗೆ ಹೆಸರು ಒಪ್ಪುವಂತೆಯೇ ಇದೆ.

ಎರಡನೆಯದು ಅಮೆರಿಕೆಯದು. 1920ರ ದಶಕದ ಮೊದಲಲ್ಲಿ ನ್ಯೂ ಜರ್ಸಿಯ ತೋಟಗಳಲ್ಲಿ ಏಷ್ಯದಿಂದ ಬಂದ ಒಂದು ಮ್ಯಾಲಡೆರ ಕಾಣಿಸಿಕೊಂಡಿತು. ಅದನ್ನು ಏರೋ 1913ರಲ್ಲಿ ಹೆಸರಿಸಿದ್ದ ‘ಕಾಸ್ಟೇನಿಯ’ ಎಂದು ಗುರುತಿಸಿ, ಹೆಚ್ಚು ಕಡಮೆ ನೂರು ವರ್ಷಗಳ ಕಾಲ ಎಲ್ಲ ಪುಸ್ತಕಗಳಲ್ಲಿಯೂ ಹಾಗೆಯೇ ಬರೆದರು. ಇತ್ತೀಚಿನ ಪರಿಶೀಲನೆಯ ಬಳಿಕ ಆ ಹೆಸರು ಹೋಗಿ, ಬ್ರೆನ್ಸ್ಕೆ ಕೊಟ್ಟಿದ್ದ ‘ಫಾರ್ಮೋಸೆ’ ಎಂಬ ಹೆಸರು ಅಲ್ಲಿಯ ಹುಳುವಿಗೆ ಬಂದಿದೆ. ಏರೋರಂತಹ ಮಹಾವಿದ್ವಾಂಸರ ಹೆಸರೂ ಈ ಶಾಸ್ತ್ರದಲ್ಲಿ ತಿದ್ದುಪಡಿಗೆ ಹೊರತಲ್ಲ.

ಮಣ್ಣಿನೊಳಗಿನ ಗೊಣ್ಣೆಹುಳು

ದುಂಬಿಯನ್ನು ಗುರುತಿಸುವುದೇ ಇಷ್ಟು ಕಷ್ಟವಾದರೆ ಅದರ ಮರಿಹುಳುವಿನ ಮಾತೇನು? ಹೂಕುಂಡದ ಮಣ್ಣು ಬದಲಾಯಿಸುವಾಗ ಕಾಣಸಿಗುವ, ಬಿಳಿಯ ಮೈಯನ್ನು ಕುಡುಗೋಲಿನಂತೆ ಬಾಗಿಸಿ ಮಲಗಿರುವ ಗೊಣ್ಣೆಹುಳುವನ್ನು ನೋಡದ ಗೃಹಿಣಿಯಿಲ್ಲ. ಕಂಡೊಡನೆ ಅದನ್ನು ಕೊಲ್ಲುವುದೇ ವಾಡಿಕೆ. ಆದರೆ ಎಲ್ಲ ಗೊಣ್ಣೆಹುಳುಗಳೂ ವೈರಿಗಳಲ್ಲ. ಅದನ್ನು ನೆಲದ ಮೇಲೆ ಬಿಟ್ಟು ಒಂದು ನಿಮಿಷ ನೋಡಬೇಕು. ಕಾಲುಗಳನ್ನು ಆಕಾಶಕ್ಕೆತ್ತಿ ಬೆನ್ನಿನ ಮೇಲೆ ತೆವಳಿಕೊಂಡು ಹೊರಟರೆ ಅದು ಹೂದುಂಬಿಯ ಮರಿ. ಕೊಳೆತ ಎಲೆಗೊಬ್ಬರವನ್ನು ತಿಂದು ಬದುಕುವ ಆ ಬಡಪಾಯಿಯನ್ನು ಗೊಬ್ಬರದ ಗುಂಡಿಗೆ ಮರಳಿ ಬಿಡುವುದೇ ನ್ಯಾಯ. ಬೆನ್ನಿನ ಮೇಲೆ ನಡೆಯದೆ ಮಗ್ಗುಲಾಗಿ ಸುರುಟಿಕೊಂಡರೆ ಮಾತ್ರ ಗುಲಾಬಿಯ ಬೇರಿನ ಯೋಚನೆ ಮಾಡಬೇಕು. (ಹೂದುಂಬಿಗಳಲ್ಲಿಯೂ ವಿಚಿತ್ರ ನಡತೆಯವು ಉಂಟು. ದಕ್ಷಿಣ ಭಾರತದ ‘ಸ್ಪಿಲೊಫೋರಸ್’ ಎಂಬ ಅಪರೂಪದ ಜಾತಿಯ ಹೂದುಂಬಿ ಗಿಡಗಳ ಮೇಲಿನ ಮುಳ್ಳುಜಿಗಿಹುಳುಗಳ ಮರಿಗಳನ್ನೇ ಬೇಟೆಯಾಡಿ ತಿನ್ನುವುದನ್ನು 1975ರಲ್ಲಿ ಕೆ. ಡಿ. ಘೋರ್ಪಡೆಯವರು ವರದಿ ಮಾಡಿದರು.)

ಹಿತ್ತಿಲಿನ ಗುಲಾಬಿಯಲ್ಲಿ ನಷ್ಟ ನಾಲ್ಕು ಹೂವಿನದಾದರೆ, ಹೊಲದಲ್ಲಿ ಅದು ಒಂದು ವರ್ಷದ ಅನ್ನ. ಕರ್ನಾಟಕದ ಕಬ್ಬು, ಕಡಲೆಕಾಯಿ ಬೆಳೆಗಾರರಿಗೆ ‘ಹೊಲೊಟ್ರೈಕಿಯ ಸೆರೇಟ’ ಎಂಬ ದುಂಬಿಯ ಗೊಣ್ಣೆಹುಳು ಹಳೆಯ ಶತ್ರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಜಿ. ಕೆ. ವೀರೇಶ್ ಅವರು ಈ ಹುಳುವಿನ ಜೀವನಕ್ರಮವನ್ನು ಅಭ್ಯಸಿಸಿ, ಕರ್ನಾಟಕದ ಬೇರುಹುಳುಗಳನ್ನು ಕುರಿತ ಪ್ರಬಂಧವನ್ನು 1977ರಲ್ಲಿ ಹೊರತಂದರು. ಮುಂಗಾರಿನ ಮುನ್ನದ ಮಳೆಗೆ ಎದ್ದ ದುಂಬಿಗಳು ಮುಸ್ಸಂಜೆಯಲ್ಲಿ ಬೇವಿನ ಮರಗಳಿಗೆ ಮುತ್ತುತ್ತವೆ. ಆ ಹೊತ್ತಿಗೆ ಕೊಂಬೆ ಅಲುಗಿಸಿ ಉದುರಿಸಿ ಕೊಂದರೆ ಮೊಟ್ಟೆಯಿಡುವ ಮೊದಲೇ ಪಿಡುಗು ತಗ್ಗುತ್ತದೆ. ಊರವರೆಲ್ಲ ಕೂಡಿ ಮಾಡಿದರೆ ಫಲಿಸುವ ಉಪಾಯ ಇದು.

ಆದರೆ ಮಲೆನಾಡಿನ ಅಡಿಕೆ ತೋಟದಲ್ಲಿ, ಕಾಸರಗೋಡಿನ ತೆಂಗಿನ ತೋಟದಲ್ಲಿ ಬೇರು ತಿನ್ನುವ ಹುಳು ಇದಲ್ಲ. ನೋಡಲು ಅದೇ ಬಿಳಿಯ ಮೈ, ಅದೇ ಕಂದು ತಲೆ. ಜಾತಿ ಬೇರೆ, ‘ಲ್ಯುಕೊಫೋಲಿಸ್’. ಇವುಗಳಲ್ಲಿ ಮೇಲೆದ್ದು ಬರುವ ಕಾಲ ಒಂದೊಂದಕ್ಕೆ ಒಂದೊಂದು. ಗೊಣ್ಣೆಹುಳುಗಳಲ್ಲಿ ಒಂದೇ ವರ್ಷದಲ್ಲಿ ಬಾಳು ಮುಗಿಸುವ ಪ್ರಭೇದಗಳಿವೆ, ಎರಡು ವರ್ಷ ಮಣ್ಣಿನಲ್ಲಿರುವವೂ ಇವೆ. ಒಂದರ ಪಂಚಾಂಗ ಹಿಡಿದು ಇನ್ನೊಂದಕ್ಕೆ ಮದ್ದು ಹಾಕಿದರೆ ಮದ್ದೂ ಹಾಳು, ಹಣವೂ ಹಾಳು, ಮಣ್ಣೂ ಹಾಳು.

ಗೊಣ್ಣೆಹುಳುವಿನ ಗುರುತು ಇರುವುದು ಯಾರೂ ನೋಡದ ಜಾಗದಲ್ಲಿ, ಬಾಲದ ತುದಿಯ ತಳಭಾಗದಲ್ಲಿ. ಅಲ್ಲಿ ಸಣ್ಣ ಮುಳ್ಳುಗೂದಲುಗಳು ರಂಗೋಲಿಯ ಎಳೆಗಳಂತೆ ಜೋಡಣೆಗೊಂಡಿರುತ್ತವೆ. ಕೆಲವಕ್ಕೆ ಎರಡು ನೇರ ಸಾಲು, ಕೆಲವಕ್ಕೆ ಅಡ್ಡಲಾಗಿ ಬಾಗಿದ ಒಂದು ಸಾಲು, ಕೆಲವಕ್ಕೆ ಸಾಲೇ ಇಲ್ಲದ ಚೆಲ್ಲಾಪಿಲ್ಲಿ. ಈ ರಂಗೋಲಿಯಿಂದ ಜಾತಿಯನ್ನು ಹೇಳಬಹುದು. ಪ್ರಭೇದವನ್ನು ಹೇಳಲು, ಮರಿಯನ್ನು ಸಾಕಿ ದುಂಬಿಯಾಗುವವರೆಗೆ ಕಾಯುವುದೊಂದೇ ಬಹುಕಾಲ ಇದ್ದ ದಾರಿ. 2007ರಲ್ಲಿ ಡರ್ಕ್ ಆರೆನ್ಸ್ ಮತ್ತು ಸಂಗಡಿಗರು ನೇಪಾಳದ ಹುಳುಗಳ ಮೇಲೆ ಹೊಸದೊಂದು ಮಾರ್ಗವನ್ನು ಪರೀಕ್ಷಿಸಿ ತೋರಿಸಿದರು. ನೆಲದಿಂದ ಅಗೆದ ಮರಿಹುಳುಗಳ ಡಿ.ಎನ್.ಎ.ಯನ್ನೂ ದೀಪಕ್ಕೆ ಬಂದ ದುಂಬಿಗಳ ಡಿ.ಎನ್.ಎ.ಯನ್ನೂ ಓದಿ, ಯಾವ ಮರಿ ಯಾವ ದುಂಬಿಯದೆಂದು ತಾಳೆ ಹಾಕುವುದು ಆ ಮಾರ್ಗ. ತಿಂಗಳುಗಟ್ಟಲೆ ಸಾಕುವ ತಾಪತ್ರಯ ಇದರಿಂದ ತಪ್ಪುತ್ತದೆ.

ಖಾಲಿ ಜಾಗ ತುಂಬುತ್ತಿದೆ

ಏರೋ ಬಿಟ್ಟುಹೋದ ಖಾಲಿ ಜಾಗದ ಒಂದು ಮೂಲೆಯಾದರೂ ಈಗ ತುಂಬಿದೆ. ಜರ್ಮನಿಯ ಬಾನ್ ನಗರದ ವಸ್ತುಸಂಗ್ರಹಾಲಯದಲ್ಲಿರುವ ಅದೇ ಆರೆನ್ಸ್, ಸಿಲ್ವಿಯ ಫಾಬ್ರಿಟ್ಸಿ ಎಂಬ ವಿದುಷಿಯ ಜೊತೆಗೂಡಿ, ಭಾರತದ ರೇಷ್ಮೆದುಂಬಿಗಳನ್ನು ಕುರಿತ 355 ಪುಟಗಳ ಗ್ರಂಥವನ್ನು 2016ರಲ್ಲಿ ಪ್ರಕಟಿಸಿದರು. ಬ್ರೆನ್ಸ್ಕೆ ಹೆಸರಿಟ್ಟು ನೂರು ವರ್ಷಕ್ಕೂ ಮೇಲ್ಪಟ್ಟು ಕಳೆದ ಮೇಲೆ ಹಳೆಯ ಮಾದರಿಗಳನ್ನೆಲ್ಲ ಮತ್ತೆ ತೆರೆದು ನೋಡಿ ಮಾಡಿದ ಕೆಲಸ ಅದು. ಅಲ್ಲಿಗೂ ಪಟ್ಟಿ ಮುಗಿಯಲಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ಕೊಲ್ಲ ಶ್ರೀದೇವಿಯವರು ಬಾನ್ ನಗರದ ಸಂಶೋಧಕರೊಡನೆ 2018ರಲ್ಲಿ ಈ ಪಂಗಡಕ್ಕೆ ಇನ್ನೂ ಹೊಸ ಪ್ರಭೇದಗಳನ್ನು ಸೇರಿಸಿದರು. ಪ್ರಪಂಚದಲ್ಲಿ ರೇಷ್ಮೆದುಂಬಿಗಳೇ 4,000ಕ್ಕೂ ಹೆಚ್ಚು ಎಂದಾಗ, ಪಟ್ಟಿ ಸದ್ಯಕ್ಕೆ ಮುಗಿಯುವಂತೆಯೂ ಕಾಣುವುದಿಲ್ಲ.

ಇಂತಹ ಪಟ್ಟಿಗಳು ನಿಂತಿರುವುದು ವಿದ್ವಾಂಸರ ಮೇಲೆ ಮಾತ್ರವಲ್ಲ, ಹುಳು ಹಿಡಿದಿಟ್ಟವರ ಮೇಲೆ. ಉತ್ತರ ಕನ್ನಡದಲ್ಲಿ ಅರಣ್ಯಾಧಿಕಾರಿಯಾಗಿದ್ದು ನಿವೃತ್ತಿಯ ಬಳಿಕವೂ ಕಾರವಾರದಲ್ಲಿಯೇ ನೆಲಸಿದ್ದ ಟಿ. ಆರ್. ಬೆಲ್ ಕಾಡಿನಲ್ಲಿ ಕಂಡ ದುಂಬಿಗಳನ್ನು ಸಂಗ್ರಹಿಸಿ ಕಳುಹಿಸುತ್ತಿದ್ದರು. ಹಳೆಯ ಗ್ರಂಥಗಳಲ್ಲಿ ‘ಕೆನರಾ’ ಎಂಬ ಊರಿನ ಹೆಸರಿನ ಮುಂದೆ ಅವರ ಹೆಸರು ಬರುತ್ತದೆ. ಲಂಡನ್ನಿನಲ್ಲಿ ಏರೋ, ಕಾರವಾರದಲ್ಲಿ ಬೆಲ್, ಇಬ್ಬರೂ 1948ರಲ್ಲಿಯೇ ಕಾಲವಾದರು.

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಹಾಗೆ ಯಾರಾದರೂ ಹುಳು ಹಿಡಿದಿಟ್ಟಿದ್ದರೆ ಇಂದು ಎಷ್ಟೋ ಸಂಗತಿಗಳು ತಿಳಿಯುತ್ತಿದ್ದವು. ರಾಜಾಜಿನಗರದ ಬಡಾವಣೆ ಎದ್ದುದು 1949ರಿಂದ ಈಚೆಗೆ. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ ಎಂಬ ಹೆಸರುಗಳು ಇಂದು ಬಸ್ಸಿನ ಹಲಗೆಗಳ ಮೇಲೆ, ಮೆಟ್ರೊ ನಿಲ್ದಾಣದ ಗೋಡೆಗಳ ಮೇಲೆ ಉಳಿದಿವೆ. ಒಂದು ಕಾಲಕ್ಕೆ ಅವು ರಾಗಿ ಅವರೆ ಬೆಳೆಯುತ್ತಿದ್ದ ಹಳ್ಳಿಗಳು. ಉತ್ತ ಹೊಲ, ದನದ ಕೊಟ್ಟಿಗೆ, ವೃಷಭಾವತಿಯ ದಂಡೆಯ ಹುಲ್ಲು ಇದ್ದ ಕಡೆ ಯಾವ ಯಾವ ದುಂಬಿಗಳಿದ್ದವು, ಅವುಗಳಲ್ಲಿ ಎಷ್ಟು ಕಾಂಕ್ರೀಟಿನ ಅಡಿಯಲ್ಲಿ ಮುಗಿದುಹೋದವು ಎಂಬುದಕ್ಕೆ ಸಾಕ್ಷಿ ಹೇಳಬೇಕಾದುದು ಸೂಜಿಗೆ ಚುಚ್ಚಿದ ಹುಳುಗಳೇ. ಕೆಂಗೇರಿಯ ಕಡೆ ಜ್ಞಾನಭಾರತಿಯ ಆವರಣ, ತುರಹಳ್ಳಿಯ ಕುರುಚಲು ಕಾಡು ಇನ್ನೂ ಮಣ್ಣನ್ನು ಉಳಿಸಿಕೊಂಡಿವೆ. 2021ರಲ್ಲಿ ಮೆಟ್ರೊ ಕೆಂಗೇರಿಯನ್ನು ಮುಟ್ಟಿದ ಮೇಲೆ ಸುತ್ತಲಿನ ಹೊಲಗಳು ನಿವೇಶನಗಳಾಗುವ ವೇಗ ಹೆಚ್ಚಿದೆ.

ಸೂಜಿಗೆ ಚುಚ್ಚಿದ ಹುಳುವಿನ ಕೆಳಗೆ ಒಂದು ಚೀಟಿ ಇರಲೇಬೇಕು. ಊರು, ತಾರೀಖು, ಹಿಡಿದವರ ಹೆಸರು, ಸಿಕ್ಕಿದ ಬಗೆ, ಅಷ್ಟೇ. ಚೀಟಿಯಿಲ್ಲದ ಹುಳುವನ್ನು, ಅದೆಷ್ಟು ಅಂದವಾಗಿದ್ದರೂ, ಯಾವ ಸಂಗ್ರಹಾಲಯವೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಚೀಟಿಯಿದ್ದ ಹುಳು ನೂರು ವರ್ಷ ಹೆಸರಿಲ್ಲದೆ ಪೆಟ್ಟಿಗೆಯಲ್ಲಿದ್ದರೂ ಚಿಂತೆಯಿಲ್ಲ, ಒಂದು ದಿನ ಅದನ್ನು ಓದುವವರು ಬಂದೇ ಬರುತ್ತಾರೆ.

ವಿಜಯನಗರದ ಮನೆಯಲ್ಲಿ ಊಟ ಮುಗಿದಿದೆ. ಅಜ್ಜಿ ಮಲಗಿದ್ದಾರೆ. ಮೊಮ್ಮಗ ಗೋಡೆಯ ಮೂಲೆಯಲ್ಲಿ ಬಿದ್ದಿದ್ದ ಹುಳುವನ್ನು ಒಂದು ಖಾಲಿ ಬೆಂಕಿಪೆಟ್ಟಿಗೆಗೆ ಹಾಕಿ, ಮೇಲೆ ಪೆನ್ಸಿಲಿನಿಂದ ಬರೆಯುತ್ತಿದ್ದಾನೆ: ‘ವಿಜಯನಗರ, ಬೆಂಗಳೂರು. ಏಪ್ರಿಲ್ 27. ರಾತ್ರಿ ದೀಪಕ್ಕೆ ಬಂದದ್ದು.’